ಎರಡು ಬಟ್ಟು ಅರಿವಿ

ನಮ್ಮಂಗಡಿ ರಸ್ತಾಕಿಂತ ಮೂರು ಮೆಟ್ಲಾ ಕೆಳಗದ.
ಮೊದಲು ಹಿಂಗಿರ್ಲಿಲ್ಲ.
ಡಾಂಬರದ ಮ್ಯಾಲ ಡಾಂಬರ ಹಾಕಿ ಹಾಕಿ
ರಸ್ತಾ ಎದ್ದು ನಿಂತದ,
ನಾವು ಕುಂತಲ್ಲೇ ಕುಂತೀವಿ.

ಬಲಗಡಿ ಗ್ವಾಡಿಮ್ಯಾಲ ನನ್ನ ಗೀಟು ಅವ,
ಅರಿವಿಗಿ ಗುರ್ತು ಹಾಕೋ ಅದೇ ನೀಲಿ ಸುಣ್ಣದ್ದು.
ಕೆಳಗಿಂದು ನಮ್ಮ ತಾನಾಬಾಯಿ ಹುಟ್ಟಿದ ವರ್ಷದ ಮಳಿ: ಮೊಣಕಾಲು.
ಅದರ ಮ್ಯಾಗಿಂದು ಮಶೀನಿನ ಮೋಟರ್ ಸುಟ್ಟ ವರ್ಷ: ಸೊಂಟ.
ಎಲ್ಲಕ್ಕೂ ಮ್ಯಾಗಿಂದಕ್ಕ ಏನೂ ಬರೆದಿಲ್ಲ.
ಅವತ್ತು ಹದಿನೇಳು ಮದಿವಿ ಜಂಪರು ತೇಲಿ ಹೋದವು,
ನನ್ನ ಎದಿ ಅಳತಿ ತಗೊಂಡಿತ್ತು ನೀರು.

ಎಲ್ಲಿಂದ ಬರ್ತದಂತ ಎಲ್ಲರಿಗೂ ಗೊತ್ತು.
ಮ್ಯಾಲಿನ ಲೇಔಟ್‌ನಾಗ ಅಂಗಳಕ್ಕೆಲ್ಲ ಶಹಾಬಾದ ಪರ್ಸಿ ಹಾಸ್ಯಾರ,
ಒಂದು ಹನಿ ಇಳೀಲಕ್ಕ ತೂತಿಲ್ಲ.
ಉಳಿದ ಎರಿ ನೆಲ ಬ್ಯಾಸಗಿದಾಗ ಬಾಯಿ ಬಿಡ್ತದ,
ಮೊದಲ ಮಳಿ ಗಟಗಟ ಕುಡದು
ಉಬ್ಬಿ ಬಾಯಿ ಮುಚ್ಚಿಬಿಡ್ತದ.
ಆಮ್ಯಾಲ ಬಂದದ್ದೆಲ್ಲ ನಮಗೇ.

ನಾಲಾದ ಬಾಜೂಕ ಒಂದು ಹಳೀ ಕುಂಟಿ ಇತ್ತು,
ಅರ್ಧ ಮುಚ್ಚಿದ್ದು, ಅರ್ಧ ಜಾಲಿ ಬೆಳದದ್ದು.
ಅಲ್ಲಿ ಮದಿವಿ ಹಾಲ್ ಆಗ್ಲಿ ಅಂತ ನಾನೂ ಸಹಿ ಹಾಕ್ದಕಿ.
ಖರೇ ಹೇಳ್ತೀನಿ, ಹಾಲ್ ಬಂದ್ರ ಜಂಪರ್ ಗಿರಾಕಿ ಬರ್ತಾರ.
ಅವರು ಬಂದು ತೆಗ್ಗು ತೋಡಿದ್ರು.
ತೋಡಿ, ತೆಗ್ಗಿನಾಗೇ ಪಾರ್ಕ್ ಮಾಡಿದ್ರು.

"ತೆಗ್ಗಿನಾಗ ಯಾರಾದ್ರೂ ಬೆಂಚ್ ಹಾಕ್ತಾರೇನ್ರಿ ಮೇಡಂ?"
ಇಂಜಿನಿಯರ್ ಸುವಾಸಿನಿ ಅಳತಿ ಕೊಡ್ಲಕ್ಕ ಬಂದಾಗ ಕೇಳ್ದೆ.
"ರುಕುಮಬಾಯಿ, ಶಾಲಿ ಹುಡುಗನ ಚಡ್ಡಿ ಹೊಲಿಯೋವಾಗ
ಒಳಗ ಎಟ್ ಅರಿವಿ ಬಿಡ್ತೀರಿ?"
"ಎರಡು ಬಟ್ಟು. ಬೆಳೆಯೋ ಕೂಸು."
"ಕಲಬುರಗಿಗಿ ಯಾರೂ ಬಿಟ್ಟಿರ್ಲಿಲ್ಲ" ಅಂದಳು,
ಟೇಪಿಗಿ ತೋಳೆತ್ತಿ ನಿಂತಕೋತ.

ನಾನು ನಂಬಲಿಲ್ಲ.
ಮೂವತ್ತಾರು, ಮೂವತ್ತು, ತೋಳು ಹತ್ತು. ಬರಕೊಂಡೆ.

ಉತ್ತರಿ ಮಳಿ. ರಾತ್ರಿ ಹನ್ನೊಂದಕ್ಕ ಹಿಡೀತು.
ಕರೆಂಟ್ ಹೋಯ್ತು.
ರೂಢಿಯಂಗ ಮಶೀನು ಮಂಚದ ಮ್ಯಾಲಿಟ್ಟೆ,
ಅರಿವಿ ಗಂಟು ಜಂತಿಗಿ ಕಟ್ಟಿದೆ,
ಕತ್ತರಿಸೋ ಟೇಬಲ್ ಮ್ಯಾಲ ಕಾಲು ಮಡಚಿ ಕುಂತೆ.
ಒಂದಾಯ್ತು. ಒಂದೂವರಿ.
ಮೆಟ್ಲಾ ಮ್ಯಾಲ ಬಿದ್ದ ಮಳಿ ಅಟ್ಟೇ ಇಳದು ಬಂತು,
ಒಂದು ತಂಬಿಗಿ. ಚಿಂದಿಲೆ ಒರಸಿದೆ.
ನಾಲಾ ಬರ್ಲಿಲ್ಲ.
ಬರಲಿಲ್ಲಂತ ಹೆದರಿಕಿ ಆಯ್ತು.
ಟಾರ್ಚ್ ಹಿಡಕೊಂಡು ಹೋದೆ.

ಪಾರ್ಕಿನ ಗೇಟ್ ತೆರೆದಿತ್ತು.
ವಾಚ್‌ಮನ್ ಲಾಡ್ಲೇಸಾಬ್ ತೊಯ್ಸಕೋತ ನಿಂತಿದ್ದ.
"ನೀರೊಂದು ಬಿಟ್ಟು ಯಾರಿಗೂ ಒಳಗ ಬಿಡಬ್ಯಾಡ ಅಂದಾರ್ರಿ."
ನಾಲಾ ಮೆಟ್ಲಾ ಇಳೀಲಕತ್ತಿತ್ತು
ಬೀಗರು ಬಂದಂಗ, ಸಪ್ಪಳಾ ಮಾಡಕೋತ.
ಬೆಂಚು ಮುಳುಗಿದ್ವು. ಜಾರಬಂಡಿಗಿ ಕುತ್ತಿಗಿಮಟ.
ಜೋಕಾಲಿ ಹಲಗಿ ತಾನೇ ತಾನು ತಿರಗತಿತ್ತು.
ಒಂದು ಕಪ್ಪಿ, ಎಷ್ಟು ವರ್ಷ ಎಲ್ಲಿತ್ತೋ,
ಕುಂಟೀನ ಗುರ್ತು ಹಿಡದು ಒದರತಿತ್ತು.

ಕೆಳಗಿನ ಓಣಿಗಿ ನೀರು ಹೊಕ್ಕಿತ್ತು, ಹಿಮ್ಮಡಿಮಟ.
ಅದನ್ನ ಹೇಳದೆ ಬಿಟ್ರ ಸುಳ್ಳಾಗ್ತದ.
ಸಕ್ರೆಮ್ಮನ ಜ್ವಾಳದ ಚೀಲದ ತಳ ತೊಯ್ದಿತ್ತು.

ನಾಕು ದಿನಕ್ಕ ಇಳೀತು, ನೆಲಕ್ಕಟು, ನಾಲಾಕ್ಕಟು.
ಉಳದದ್ದು ರಾಡಿ, ತೊಗರಿ ಕಟಗಿ, ಊರ ಪ್ಲಾಸ್ಟಿಕ್ಕೆಲ್ಲ,
ಒಂದು ಕೂಸಿನ ಕೆಂಪು ಚಪ್ಪಲಿ.
ಲಾಡ್ಲೇಸಾಬ್ ಅದನ್ನ ತೊಳದು ಗೇಟಿಗಿ ತೂಗ ಹಾಕ್ಯಾನ,
ಬಂದವರಿಗೆಲ್ಲ ಕೇಳ್ತಾನ, ನಿಮ್ದೇನ್ರಿ?

ಗ್ವಾಡಿ ಮುಂದ ಸುಣ್ಣ ಹಿಡಕೊಂಡು ನಿಂತೆ.
ಈ ವರ್ಷದ ಗೀಟು ಎಲ್ಲಿ ಹಾಕ್ಬೇಕು?
ಬಗ್ಗಿ ನೆಲದ ಪರ್ಸಿಮ್ಯಾಲ ಹಾಕ್ದೆ.
ಮಧ್ಯಾಹ್ನದೊಳಗ ಗಿರಾಕಿ ಕಾಲಿಗಿ ಅಳಿಸಿ ಹೋಯ್ತು.

ಸುವಾಸಿನಿ ಮೇಡಂದು ಜಂಪರ್ ಇನ್ನಾ ಆಗಿಲ್ಲ.
ಕಂಕುಳದಾಗ ಒಂದು ಬಟ್ಟು ಹೆಚ್ಚು ಬಿಟ್ಟೀನಿ.
ಕೇಳಿದ್ರ ಹೇಳಲ್ಲ.